ಗೌರಮ್ಮನವರ ಬಚ್ಚಲಲ್ಲಿ ನನ್ನ ಜಾಗ

ನಮ್ಮ ಓಣಿಯಲ್ಲಿ ಬಿಸಿ ತಡೆದುಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರೇ ಇರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬಪಟ್ಟ ಕಾಲವೂ ಇತ್ತು, ಆ ಜಂಬ ಏನಾಗಿತ್ತು ಎಂದು ಹೇಳುವುದಕ್ಕೇ ಬರೆಯಲು ಕೂತಿದ್ದೇನೆ. ನನಗೆ ಬಂದ ಕಾಯಿಲೆಯೇ ಬಂದು, ಯಾರಿಗೂ ಹೇಳದೆ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತ ಹೆಂಗಸು ಎಲ್ಲಾದರೂ ಒಬ್ಬಳು ಇರುತ್ತಾಳೆ. ಅವಳು ಓದಲಿ.

ತೆಲುಗು ಗಡಿಯ ಆದೋನಿಯಲ್ಲಿ, ನಮ್ಮ ಓಣಿಯ ಕೊನೆಯಲ್ಲಿ ಗೌರಮ್ಮನವರ ಮನೆ. ಅವರ ಯಜಮಾನರು ಹತ್ತಿ ವ್ಯಾಪಾರಿ. ಅವರು ತೀರಿಹೋಗಿ ಎಷ್ಟೋ ಕಾಲವಾದರೂ ಮಗ, ಸೊಸೆ, ವ್ಯಾಪಾರ ಎಲ್ಲವೂ ಇವತ್ತಿಗೂ ಗೌರಮ್ಮನವರ ಒಂದು ಕೆಮ್ಮಿಗೆ ನಡೆಯುತ್ತವೆ. ಆ ಮನೆಯ ಹಿತ್ತಲಲ್ಲಿ ಒಂದು ದೊಡ್ಡ ಬಚ್ಚಲುಮನೆ ಇದೆ. ಗೋಡೆಗೆ ಸೇರಿಸಿ ಕೂರಿಸಿದ ತಾಮ್ರದ ಹಂಡೆ, ಹೊರಗಿನಿಂದ ಉರಿ ಹಾಕುವ ಒಲೆ. ಒಲೆಯ ಬಿಸಿ ನೆಲದ ಕೆಳಗೂ ಹಾಯುವಂತೆ ಹಿಂದಿನವರು ಕಟ್ಟಿಸಿದ್ದಾರೆ. ಹಾಗಾಗಿ ಹಾಸಿದ ಕಡಪಾ ಕಲ್ಲು ಬಾಗಿಲ ಕಡೆ ಬೆಚ್ಚಗಿದ್ದರೆ ಒಲೆಯ ಕಡೆ ಚುರ್ ಅನ್ನುತ್ತದೆ. ಹತ್ತಿ ಕಟ್ಟಿಗೆ ಧಗಧಗ ಉರಿದು ನೀರು ಮರಳುವಾಗ ಹಂಡೆಗೆ ಬೇವಿನ ಸೊಪ್ಪು, ಲಕ್ಕಿ ಸೊಪ್ಪು ಹಾಕಿ ಬಾಗಿಲು ಮುಚ್ಚಿದರೆ ಪಕ್ಕದಲ್ಲಿ ಕೂತವರ ಮುಖ ಕಾಣದಷ್ಟು ಉಗಿ ತುಂಬುತ್ತದೆ. ಓಣಿಯ ಆರೇಳು ಹೆಂಗಸರು ವಾರಕ್ಕೊಮ್ಮೆ ಅಲ್ಲಿ ಸೇರಿ ಎರೆದುಕೊಳ್ಳುವುದು ಗೌರಮ್ಮನವರ ಅತ್ತೆಯ ಕಾಲದಿಂದ ಬಂದ ಪದ್ಧತಿ. ಮೊದಲು ಅದು ಶುಕ್ರವಾರ ಇತ್ತು. ನಾನು ಕೌತಾಳಂ ಹತ್ತಿರದ ಹಳ್ಳಿಯ ಕನ್ನಡ ಶಾಲೆಯಲ್ಲಿ ಟೀಚರು, ಶುಕ್ರವಾರ ಬಸ್ಸು ಇಳಿದು ಬರುವಷ್ಟರಲ್ಲಿ ಒಲೆ ಆರಿರುತ್ತಿತ್ತು. ನನ್ನೊಬ್ಬಳಿಗಾಗಿ ಗೌರಮ್ಮನವರು ಅದನ್ನು ಶಾಲೆಗೆ ರಜೆಯಿರುವ ಐತವಾರಕ್ಕೆ ಬದಲಾಯಿಸಿದರು.

ಅಲ್ಲಿ ಒಂದು ಕಟ್ಟುನಿಟ್ಟು. ಯಾರೂ ತಮ್ಮ ನೀರನ್ನು ತಾವು ಹಾಕಿಕೊಳ್ಳಬಾರದು. ಎಣ್ಣೆ ಹಚ್ಚಿಕೊಂಡು, ಲಂಗವನ್ನು ಎದೆಯ ಮೇಲಕ್ಕೆ ಕಟ್ಟಿ ಕಲ್ಲಿನ ಮೇಲೆ ಕೂತರೆ ಇನ್ನೊಬ್ಬಳು ಎರೆಯುತ್ತಾಳೆ. ಮೊದಲು ಪಾದಕ್ಕೆ. ಒಂದೊಂದು ಚೊಂಬಿಗೂ ಬಿಸಿ ಏರಿಸುತ್ತಾ ಹೋಗುತ್ತಾಳೆ, ಕೂತವಳು "ಸಾಕು" ಅನ್ನಬೇಕು. ಎಲ್ಲಿ "ಸಾಕು" ಅಂದಳೋ ಆ ಹದದ ನೀರು ಮೈಗೆ. ಬೇಗ "ಸಾಕು" ಅಂದವರನ್ನು ಗೇಲಿ ಮಾಡಿ ಬಾಗಿಲ ಕಡೆ ಕಳಿಸುತ್ತಾರೆ. ಗಟ್ಟಿಗಿತ್ತಿಯರಿಗೆ ಒಲೆಯ ಪಕ್ಕದ ಜಾಗ. ಬೆನ್ನು ತಿಕ್ಕುತ್ತಾ ಬಾಯಿಗೆ ಬಂದದ್ದೆಲ್ಲ ಮಾತು. ಗಂಡ, ಅತ್ತೆ, ಮುಟ್ಟು, ಮೊಣಕಾಲು ನೋವು, ಒಂದೂ ಬಿಡುವುದಿಲ್ಲ. ನನ್ನ ತಾಯಿ ತೀರಿಹೋದ ವರ್ಷ ನಾನು ಮನೆಯಲ್ಲಿ ಅಳಲಿಲ್ಲ, ಶಾಲೆಯಲ್ಲಂತೂ ಅಳುವ ಹಾಗೇ ಇಲ್ಲ. ಅತ್ತದ್ದೆಲ್ಲ ಆ ಉಗಿಯೊಳಗೆ. ನನ್ನ ಗೆಳತಿ ಪದ್ಮ ಬೆನ್ನು ತಿಕ್ಕುತ್ತಲೇ ಇರುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ.

ಮೊದಲು ನಾನೂ ಬಾಗಿಲ ಕಡೆಯವಳೇ. ಒಂದು ಚಳಿಗಾಲದಲ್ಲಿ ಯಾಕೋ ಬಿಸಿ ಅಷ್ಟಾಗಿ ತಾಗದಂತಾಯಿತು. ಒಬ್ಬೊಬ್ಬರನ್ನೇ ದಾಟಿ ಒಲೆಯ ಪಕ್ಕಕ್ಕೆ ಬಂದೆ. ಗೌರಮ್ಮನವರು ಹಂಡೆಯಿಂದ ತೋಡಿದ ನೀರಿಗೆ ಒಂದು ಹನಿ ತಣ್ಣೀರು ಬೆರೆಸದೆ ಪಾದದ ಮೇಲೆ ಹನಿಸಿ ಕೇಳುತ್ತಿದ್ದರು.

"ಸಾಕೇನ?"

"ಹಾಕ್ರಿ ಇನ್ನ."

"ಅಬಬಬ! ಟೀಚರಮ್ಮನ ಕಾಲು ಕಬ್ಬಿಣದ್ದು ನೋಡ್ರೇ. ನೀವೂ ಇದೀರಿ ದಂಡಕ್ಕ!"

ಎಲ್ಲರೂ ನಗುತ್ತಿದ್ದರು. ನಾನು ಎದೆ ಸೆಟೆಸಿ ಕೂರುತ್ತಿದ್ದೆ. ಒಂದು ವರ್ಷಕ್ಕೂ ಮೇಲೆ ಹೀಗೇ ನಡೆಯಿತು.

ಈ ನಡುವೆ ಒಂದು ದಿನ ಬಸ್ಸು ಇಳಿದು ಶಾಲೆಯ ಗೇಟಿನವರೆಗೆ ನಡೆದಿದ್ದೆ. ಮಕ್ಕಳು ಮುಸಿಮುಸಿ ನಗುತ್ತಿದ್ದವು. ಬೈಯಬೇಕೆಂದು ಬಾಯಿ ತೆರೆದರೆ ಒಬ್ಬಳು ಹೇಳಿದಳು, "ಟೀಚರ್, ನಿಮ್ಮ ಒಂದು ಕಾಲಾಗ ಚಪ್ಪಲ್ ಇಲ್ಲ." ನೋಡಿದರೆ ನಿಜ. ಬಸ್ಸಿನಲ್ಲೇ ಜಾರಿ ಬಿದ್ದಿತ್ತು, ಬರೀ ಕಾಲಲ್ಲಿ ಜಲ್ಲಿ ಕಲ್ಲಿನ ಮೇಲೆ ನಡೆದು ಬಂದಿದ್ದೆ. ನಾನೂ ನಕ್ಕೆ. ಮರೆವು ಜಾಸ್ತಿಯಾಯಿತು ಅಂದುಕೊಂಡೆ. ಮೊಣಕಾಲ ಕೆಳಗೆ ಬೆಳ್ಳಗಾಗಿದ್ದ ಒಂದು ಮಚ್ಚೆಯನ್ನು ಬಿಸಿಲಿನ ಮಚ್ಚೆ ಅಂದುಕೊಂಡಿದ್ದೆ.

ಆಮೇಲೆ ಆ ಐತವಾರ ಬಂತು. ನಾನು ಒಲೆಯ ಪಕ್ಕ ಕೂತು ಏನೋ ಕಥೆ ಹೇಳುತ್ತಿದ್ದೆ, ಪದ್ಮ ನೀರು ಹಾಕಲು ಬಗ್ಗಿದವಳು ಕಿಟಾರನೆ ಕಿರುಚಿದಳು. "ಅಮ್ಮೋ! ಕಾಲು! ಕಾಲು ನೋಡೇ!" ಚೊಂಬು ಕೈಜಾರಿ ಬಿತ್ತು. ನನ್ನ ಬಲಗಾಲಿನ ಹಿಮ್ಮಡಿಯ ಪಕ್ಕ ಚರ್ಮ ಉಬ್ಬಿ, ಒಡೆದು, ಕಲ್ಲಿಗೆ ಅಂಟಿಕೊಂಡಿತ್ತು. ನಾನು ಕಾಲು ಎತ್ತಿದೆ. ಚರ್ಮದ ಒಂದು ತುಂಡು ಕಲ್ಲಿನ ಮೇಲೇ ಉಳಿಯಿತು. ನೋವು ಇರಲಿಲ್ಲ. ಒಂದಿಷ್ಟೂ ಇರಲಿಲ್ಲ. ನನಗೆ ಭಯವಾದದ್ದು ಗಾಯ ನೋಡಿ ಅಲ್ಲ, ನೋವೇ ಇಲ್ಲದಿರುವುದನ್ನು ಕಂಡು.

ಗೌರಮ್ಮನವರು ಉಗಿಯೊಳಗೆ ಬಗ್ಗಿ ನನ್ನ ಕಾಲನ್ನೂ ಮುಖವನ್ನೂ ನೋಡಿದರು. "ಎದ್ದೇಳು," ಅಂದರು. "ನಾಳೆ ಸಾಲಿಗೆ ಹೋಗಬ್ಯಾಡ. ದವಾಖಾನಿಗೆ ಹೋಗು." ಅವರ ದನಿಯಲ್ಲಿ ನಗೆ ಇರಲಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರ ಕೋಣೆಯ ಮುಂದೆ ಒಂದು ಉದ್ದ ಬೆಂಚು. ನಾನು ಮತ್ತು ನನ್ನ ಗಂಡ ವೀರೇಶ ಅಲ್ಲಿ ಕೂತು ಒಬ್ಬರೊಬ್ಬರ ಮುಖ ನೋಡಲಿಲ್ಲ. ಅವರು ಹತ್ತಿಯಿಂದ ಬೀಜ ತೆಗೆಯುವ ಜಿನ್ನಿಂಗ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವರು, ಹತ್ತಿ ನೂಲಿನಷ್ಟು ಮಾತು ಹೊರಬಂದರೆ ಹೆಚ್ಚು. ಒಳಗೆ ಡಾಕ್ಟರು ಕಣ್ಣು ಮುಚ್ಚಿಕೊಳ್ಳಿ ಅಂದರು. "ಪೆನ್ನಿನ ತುದಿ ಎಲ್ಲಿ ತಾಗ್ತದೋ ಅಲ್ಲಿ ಬೆರಳಿಟ್ಟು ತೋರ್ಸ್ರಿ."

ಮೊಣಕಾಲ ಮೇಲೆ ತಾಗಿತು, ತೋರಿಸಿದೆ. ತೊಡೆಯ ಮೇಲೆ ತಾಗಿತು, ತೋರಿಸಿದೆ. ಆಮೇಲೆ ಡಾಕ್ಟರು ಸುಮ್ಮನಾದರು. ಮುಂದೆ ಎಲ್ಲಿ ಮುಟ್ಟುತ್ತಾರೋ ಎಂದು ಕಣ್ಣು ಮುಚ್ಚಿ ಕಾಯುತ್ತಾ ಕೂತೆ. ತಡೆಯಲಾರದೆ ನಾನೇ ಕೇಳಿದೆ, "ಶುರು ಮಾಡ್ರಿ ಸಾರ್."

"ಮುಗೀತಮ್ಮ," ಅಂದರು. "ಕಣ್ಣು ತೆಗೀರಿ."

ಕಣ್ಣು ತೆರೆದಾಗ ಗೋಡೆಗೊರಗಿ ನಿಂತಿದ್ದ ವೀರೇಶರ ಮುಖ ಕಂಡಿತು. ನನ್ನ ಎರಡೂ ಪಾದಗಳ ಮೇಲೆ ಪೆನ್ನು ಓಡಾಡಿದ್ದನ್ನು ಅವರು ಪೂರ್ತಿ ನೋಡಿದ್ದರು. ಡಾಕ್ಟರು ಕುಷ್ಠ ಎಂದು ಹೇಳುವ ಮೊದಲೇ ನನಗೆ ಆ ಮುಖದಲ್ಲೇ ಗೊತ್ತಾಯಿತು.

ಡಾಕ್ಟರು ಒಳ್ಳೆಯವರು. ಒಂದು ವರ್ಷ ಗುಳಿಗೆ, ಪೂರ್ತಿ ವಾಸಿ, ಮೊದಲ ಗುಳಿಗೆ ಹೊಟ್ಟೆಗೆ ಬಿದ್ದ ಮೇಲೆ ಇನ್ನೊಬ್ಬರಿಗೆ ಹರಡುವ ಭಯವಿಲ್ಲ, ಆದರೆ ಸತ್ತ ಸ್ಪರ್ಶ ಮರಳಿ ಬರುವುದು ಕಷ್ಟ, ಕಾಲಿಗೆ ಬಿಸಿ ಬೇಡವೇ ಬೇಡ. ಇಷ್ಟೆಲ್ಲ ಹೇಳಿದರು. ನನ್ನ ಕಿವಿಯಲ್ಲಿ ಮಾತ್ರ ನಾನು ಚಿಕ್ಕವಳಿದ್ದಾಗ ನಮ್ಮಜ್ಜಿ ದನಿ ಇಳಿಸಿ "ದೊಡ್ಡ ರೋಗ" ಅನ್ನುತ್ತಿದ್ದದ್ದೇ ಕೇಳುತ್ತಿತ್ತು. ಹೆಸರು ಹಿಡಿದು ಹೇಳಲೂ ಹೆದರುತ್ತಿದ್ದ ಕಾಯಿಲೆ ಅದು.

ಅವತ್ತು ಊಟವಾದ ಮೇಲೆ ವೀರೇಶ ಹಾಸಿಗೆ ಸುತ್ತಿಕೊಂಡು ಪಡಸಾಲೆಗೆ ಹೊರಟರು. "ಅಲ್ಲಿ ಫ್ಯಾನಿನ ಗಾಳಿ ಚಲೋ ಬರ್ತೈತಿ."

"ಲಗ್ನ ಆದಾಗಿಂದ ಗೊತ್ತಾಗದ ಗಾಳಿ ಇವತ್ತು ಗೊತ್ತಾತೇನು ನಿಮಗ?" ಎಂದು ಕೂಗಿದೆ. ಅವರು ಹಾಸಿಗೆ ಹಾಸಿ ಗೋಡೆಗೆ ಮುಖ ಮಾಡಿ ಮಲಗಿದರು. ನನಗೆ ಸಿಟ್ಟು ಬಂತು, ಆಮೇಲೆ ಅಳು ಬಂತು, ಆಮೇಲೆ ಅವರು ಹೆದರಿದ್ದು ನಾನು ಹೆದರಿದ್ದಕ್ಕಿಂತ ಬೇರೆಯಲ್ಲ ಅನ್ನಿಸಿತು. ವಾರದೊಳಗೆ ಹಾಸಿಗೆ ಮರಳಿ ಬಂತು.

ಗುಳಿಗೆ ಕೊಡುವ ನರ್ಸಮ್ಮ ಇನ್ನೊಂದು ಮಾತು ಹೇಳಿದ್ದಳು. "ಮನ್ಯಾಗಿನವರು, ನಿಮ್ಮ ಜೊತಿ ಹತ್ರ ಇರೋರು, ಎಲ್ಲರನ್ನೂ ಒಮ್ಮೆ ನೋಡಬೇಕು ಮೇಡಂ. ಒಂದೇ ಸಲ ನುಂಗೋ ಗುಳಿಗಿ ಕೊಡ್ತೀವಿ, ಬರೋದನ್ನ ತಡೀತೈತಿ. ಆದ್ರ ನಿಮ್ಮ ಹೆಸರು ನಾವು ಹೇಳಂಗಿಲ್ಲ. ನೀವು ಒಪ್ಪಿದ್ರ ಮಾತ್ರ."

ಹತ್ತಿರ ಇರುವವರು ಅಂದರೆ ಯಾರು? ಬಾಗಿಲು ಮುಚ್ಚಿದ ಉಗಿಯೊಳಗೆ ಮಂಡಿಗೆ ಮಂಡಿ ತಾಗಿಸಿ, ಒಬ್ಬರ ಉಸಿರು ಒಬ್ಬರು ಎಳೆದುಕೊಂಡು ಕೂತ ಅವರೇ. ಅವರಲ್ಲಿ ಗೌರಮ್ಮನವರ ಸೊಸೆ ಸ್ವಾತಿ ಬಸುರಿಯಾಗಿದ್ದಾಗಲೂ ಬಂದು ಕೂತಿದ್ದಳು, ಈಗ ಅವಳ ಮಡಿಲಲ್ಲಿ ಕೂಸು.

"ಹೇಳಬ್ಯಾಡ," ಅಂದರು ವೀರೇಶ. "ಮೊಣಕಾಲು ನೋವು ಅನ್ನು, ಹೋಗೋದು ಬಿಡು. ಗುಳಿಗಿ ಮುಗದ ಮ್ಯಾಲೆ ಹೋಗೀಯಂತ. ಯಾರಿಗೆ ಗೊತ್ತಾಗ್ತೈತಿ?"

"ಆ ಕೂಸಿಗೆ ಏನಾರ ಆದ್ರ?"

"ನಾವು ಈ ಓಣ್ಯಾಗ ಬಾಳಬೇಕಲ್ಲ."

ಅವರ ಮಾತು ತಪ್ಪಲ್ಲ. ಮೊಣಕಾಲು ನೋವು ಅಂದಿದ್ದರೆ ನನ್ನ ಜಾಗ ನನಗಾಗಿ ಕಾದಿರುತ್ತಿತ್ತು. ನಿಜ ಹೇಳಿದರೆ ಆ ಜಾಗ ಹೋಗುತ್ತದೆ. ಆ ವಾರ ಪಾಠ ಮಾಡುತ್ತಾ ಕರಿಹಲಗೆಯ ಮೇಲೆ ಬರೆದದ್ದನ್ನೇ ಮತ್ತೆ ಬರೆದೆ. ಸಿಟ್ಟೆಲ್ಲ ಸ್ವಾತಿಯ ಕೂಸಿನ ಮೇಲೆ ಬಂತು, ಅದು ಹುಟ್ಟದಿದ್ದರೆ ಸುಳ್ಳು ಹೇಳಿ ಆರಾಮಾಗಿರಬಹುದಿತ್ತಲ್ಲ ಎಂದು. ಎಂಥ ಯೋಚನೆ ನೋಡಿ.

ಐತವಾರ ಸೀಗೆಪುಡಿ, ಟವೆಲ್ಲು ಏನೂ ಇಲ್ಲದೆ ಬರಿಗೈಯಲ್ಲಿ ಹೋದೆ. ಹಿತ್ತಲಲ್ಲಿ ಎಲ್ಲರೂ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ನಿಂತಲ್ಲೇ ಹೇಳಿದೆ. ಕಾಯಿಲೆಯ ಹೆಸರು ಹೇಳಿದೆ, ಗುಳಿಗೆ ಶುರುವಾಗಿದೆ ಎಂದೆ, ನೀವೆಲ್ಲ ಒಮ್ಮೆ ತೋರಿಸಿಕೊಳ್ಳಬೇಕು ಎಂದೆ. ಪಾಠ ಒಪ್ಪಿಸುವ ಮಕ್ಕಳ ಹಾಗೆ ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

ಸ್ವಾತಿ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಪದ್ಮ ತನ್ನ ಎಣ್ಣೆ ಬಟ್ಟಲು ಕೆಳಗಿಟ್ಟಳು. ಅವಳು ಸಿಟ್ಟು ಬಂದಾಗ ತೆಲುಗಿಗೆ ಇಳಿಯುತ್ತಾಳೆ.

"ಎಂತ ಮೋಸಂ ಚೇಶಾವೇ! ಎಂಥಾ ಮೋಸ ಮಾಡಿದಿ! ಇಷ್ಟು ದಿನ ನನ್ನ ಬೆನ್ನು ತಿಕ್ಕಿದ ಕೈ ಇದೇ ಅಲ್ಲೇನ?"

"ನನಗ ಗೊತ್ತಿರಲಿಲ್ಲ ಪದ್ದಿ."

"ಗೊತ್ತಿರಲಿಲ್ಲಂತ, ಗೊತ್ತಿರಲಿಲ್ಲ! ಕಾಲು ಸುಟ್ಟರೂ ಗೊತ್ತಾಗಲಿಲ್ಲೇನು ನಿನಗ?"

ಗೊತ್ತಾಗದಿರುವುದೇ ನನ್ನ ಕಾಯಿಲೆ. ಅವಳು ಹಿತ್ತಲ ಬಾಗಿಲಿನಿಂದಲೇ ಹೊರಟುಹೋದಳು. ಉಳಿದವರು ಗೌರಮ್ಮನವರ ಬಾಯಿ ನೋಡಿದರು. ಅವರು ತಮ್ಮ ಬಂಗಾರದ ಬಳೆಗಳನ್ನು ಒಮ್ಮೆ ತಿರುಗಿಸಿ ಮೇಲಕ್ಕೆ ಸರಿಸಿದರು.

"ನರ್ಸಮ್ಮನ್ನ ಕಳಸು. ತೋರಿಸ್ಕೊಂತೀವಿ," ಅಂದರು. "ಗುಳಿಗಿ ಮುಗಿಯಾತನಕ ನೀನು ಇಲ್ಲಿಗೆ ಬರಬ್ಯಾಡವ್ವ. ಮನ್ಯಾಗ ಬಾಣಂತಿ ಅದಾಳ."

"ಹರಡಂಗಿಲ್ಲಂತ ಡಾಕ್ಟರು ಅಂದಾರ್ರೀ."

"ಅಂದಿರಬಹುದು. ನನಗ ಹೆದ್ರಿಕಿ ಐತಿ."

ಅಷ್ಟು ಸರಳವಾಗಿ ಹೇಳಿದರು. ನಾನು ಮನೆಗೆ ಬಂದು ಬಾಗಿಲು ಹಾಕಿಕೊಂಡೆ.

ನರ್ಸಮ್ಮ ಹೋಗಿ ಎಲ್ಲರನ್ನೂ ನೋಡಿ ಬಂದಳು. ಯಾರಿಗೂ ಏನೂ ಇರಲಿಲ್ಲ, ಗುಳಿಗೆ ಎಲ್ಲರೂ ನುಂಗಿದರು. ಕೇಳಿ ಎದೆಯ ಮೇಲಿನ ಬಂಡೆ ಇಳಿದ ಹಾಗಾಯಿತು. ಮರುಕ್ಷಣವೇ ಹೊಟ್ಟೆ ಉರಿಯಿತು, ಏನೂ ಆಗದಿದ್ದ ಮೇಲೆ ನನ್ನನ್ನೇಕೆ ಹೊರಗಿಟ್ಟಿರಿ ಎಂದು.

ಆ ವರ್ಷ ಉದ್ದವಾಗಿತ್ತು. ಗುಳಿಗೆಗೆ ಮೂತ್ರ ಕೆಂಪಾಗುತ್ತಿತ್ತು, ಮೊದಲ ದಿನ ನೋಡಿ ಕಿರುಚಿಯೇಬಿಟ್ಟೆ. ಮುಖ ಕಪ್ಪಾಗುತ್ತಾ ಬಂತು. "ಟೀಚರ್, ಬಿಸಲಾಗ ಹತ್ತಿ ಬಿಡಸಾಕ ಹೋಗಿದ್ರೇನು?" ಎಂದು ಮಕ್ಕಳು ಕೇಳಿದವು. ಐತವಾರ ಬಂದರೆ ಗೌರಮ್ಮನವರ ಹಿತ್ತಲ ಹೊಗೆ, ಲಕ್ಕಿ ಸೊಪ್ಪಿನ ವಾಸನೆ ನಮ್ಮ ಕಿಟಕಿಗೆ ಬರುತ್ತಿತ್ತು. ಕಿಟಕಿ ಮುಚ್ಚಿ, ಬಕೆಟ್ಟಿನ ಉಗುರುಬೆಚ್ಚಗಿನ ನೀರಿಗೆ ಮೊಳಕೈ ಅದ್ದಿ ನೋಡಿ ಒಬ್ಬಳೇ ಸ್ನಾನ ಮಾಡುತ್ತಿದ್ದೆ. ಸ್ವಂತ ಬೆನ್ನಿಗೆ ಸ್ವಂತ ಕೈ ಎಟುಕುವುದಿಲ್ಲ ಎಂಬುದು ಆಗ ತಿಳಿಯಿತು. ಒಂದು ದಿನ ವೀರೇಶ ತಾವೇ ಬಂದು ಬೆನ್ನು ತಿಕ್ಕಿದರು, ಹೊಳೆಯಲ್ಲಿ ಎತ್ತಿನ ಮೈ ತಿಕ್ಕುತ್ತಾರಲ್ಲ ಹಾಗೆ. ಚರ್ಮ ಕಿತ್ತು ಬಂತೇನೋ ಅನ್ನಿಸಿತು, ಆದರೂ ನಿಲ್ಲಿಸಿ ಅನ್ನಲಿಲ್ಲ.

ಮೈ ಬೆಳಿಗ್ಗೆ ಏಳಲು ಒಪ್ಪುತ್ತಿರಲಿಲ್ಲ. ಮಾತು ಕಮ್ಮಿಯಾಯಿತು. ಕಾಯಿಲೆ ಇಳಿಯುತ್ತಿದೆ ಎಂದು ಡಾಕ್ಟರು ಹೇಳಿದಾಗಲೂ ನನಗೆ ಹುಷಾರಾಗುತ್ತಿದ್ದೇನೆ ಅನ್ನಿಸುತ್ತಿರಲಿಲ್ಲ. ತರಕಾರಿ ಸಂತೆಯಲ್ಲಿ ಪದ್ಮ ಎದುರಾದಾಗ ಅವಳು ಬದನೆಕಾಯಿ ಆರಿಸುವುದನ್ನು ಬಿಟ್ಟು ಬೇರೆ ಸಾಲಿಗೆ ಹೋದಳು. ಅವತ್ತು ನಾನು ತರಕಾರಿ ತರಲಿಲ್ಲ.

ಒಂದು ಸಲ ಆಸ್ಪತ್ರೆಯ ಬೆಂಚಿನಲ್ಲಿ ಕೋಸಗಿ ಕಡೆಯ ಒಬ್ಬ ಹೆಂಗಸು ಸಿಕ್ಕಿದಳು. ದುಡಿಯಲು ದೂರದೂರಿಗೆ ಹೋಗುವವಳು, ಗುಳಿಗೆ ತಪ್ಪಬಾರದೆಂದು ಈ ವರ್ಷ ಊರಲ್ಲೇ ಉಳಿದಿದ್ದಳು. ನಾನು ದೂರ ನಿಂತದ್ದು ಕಂಡು "ಬಾ ಯಕ್ಕ, ಕುಂದ್ರು. ನಿನಗೂ ಅದೇ, ನನಗೂ ಅದೇ, ಇನ್ನೇನು ಬರಬೇಕಾಗೈತಿ?" ಎಂದು ನಕ್ಕು ಸರಿದಳು. ಬೆಂಚು ತುಂಬಿತ್ತು, ಅವಳ ಭುಜ ನನ್ನ ಭುಜಕ್ಕೆ ಒತ್ತಿಕೊಂಡಿತ್ತು. ನನ್ನ ಸರದಿ ಬಂದಾಗ ಏಳಲು ಮನಸ್ಸಾಗಲಿಲ್ಲ.

ಕೊನೆಗೆ ಗುಳಿಗೆ ಮುಗಿದವು. ಡಾಕ್ಟರು ಕೈ ಕುಲುಕಿದರು. ವೀರೇಶ ಹಿಮ್ಮಡಿಗೆ ಪಟ್ಟಿಯಿರುವ ಹೊಸ ಚಪ್ಪಲಿ ತಂದರು. ಓಣಿಯಿಂದ ಮಾತ್ರ ಯಾರೂ ಕರೆಯಲಿಲ್ಲ. ಒಂದು ಐತವಾರ ಕಾದೆ, ಇನ್ನೊಂದು ಕಾದೆ. ಕರೆಯದಿದ್ದರೂ ನಾನಾಗಿ ಹೋಗಿ, ಅವರು ಬೇಡ ಅಂದುಬಿಟ್ಟರೆ? ಒಮ್ಮೆ ಹೊರಗೆ ಹಾಕಿದ್ದನ್ನು ಹೇಗೋ ತಡೆದುಕೊಂಡಿದ್ದೆ, ಎರಡನೇ ಸಲ ತಡೆಯುವ ಶಕ್ತಿ ನನ್ನಲ್ಲಿರಲಿಲ್ಲ. ಮೂರನೇ ಐತವಾರ ಕೈಚೀಲಕ್ಕೆ ಟವೆಲ್ಲು ತುರುಕಿ, ಯೋಚಿಸಿದರೆ ನಿಂತುಬಿಡುತ್ತೇನೆಂದು ಬಿರಬಿರನೆ ನಡೆದುಬಿಟ್ಟೆ.

ಬಚ್ಚಲ ಬಾಗಿಲ ಹೊರಗೆ ನಿಂತಾಗ ಒಳಗೆ ನಗು ಕೇಳುತ್ತಿತ್ತು. ತಳ್ಳಿದೆ. ನಗು ನಿಂತಿತು. ಪದ್ಮ ಇರಲಿಲ್ಲ. ಅವತ್ತು ಹೋದವಳು ಆ ಬಚ್ಚಲಿಗೇ ಮರಳಿರಲಿಲ್ಲವಂತೆ, ಇವತ್ತಿಗೂ ಬಂದಿಲ್ಲ.

"ಗುಳಿಗಿ ಮುಗದ್ವೇನು?" ಉಗಿಯೊಳಗಿಂದ ಗೌರಮ್ಮನವರ ದನಿ.

"ಮುಗದ್ವು."

"ಡಾಕ್ಟರು ಏನಂದ್ರು?"

"ಪೂರ್ತಿ ವಾಸಿ ಅಂದ್ರು. ಕಾಲಿಗೆ ಮಾತ್ರ ಏನೂ ಗೊತ್ತಾಗಂಗಿಲ್ಲ ಇನ್ನ."

"ಬಾಗಿಲು ಹಾಕು, ಉಗಿ ಹೊಂಟೈತಿ."

ಒಳಗೆ ಬಂದು ಬಾಗಿಲು ಹಾಕಿದೆ. ಹೆಂಗಸರು ಸರಿದರು. ಜಾಗ ಕೊಡಲು ಸರಿದರೋ, ತಾಗಬಾರದೆಂದು ಸರಿದರೋ ಉಗಿಯಲ್ಲಿ ಗೊತ್ತಾಗಲಿಲ್ಲ. ಬಾಗಿಲ ಬಳಿಯೇ, ಬೆಚ್ಚಗಿನ ಕಲ್ಲಿನ ಮೇಲೆ ಟವೆಲ್ಲು ಮಡಚಿ ಹಾಕಿ ಕೂತೆ. ಯಾರೂ ಚೊಂಬು ಎತ್ತಲಿಲ್ಲ. ಕೊನೆಗೆ ಸ್ವಾತಿ ಎತ್ತಿದಳು, ನೀರು ತೋಡಿದಳು, ನನ್ನ ಕಾಲ ಹತ್ತಿರ ತಂದು ನಿಂತುಬಿಟ್ಟಳು.

"ಹೆಂಗ ಹಾಕಲಿ ಅಕ್ಕಾರ? ನೀವು ಸಾಕು ಅನ್ನಾಕ ನಿಮಗ ಗೊತ್ತಾಗಂಗಿಲ್ಲಲ್ಲ. ಸುಟ್ಟರ?"

ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಎಳೆದುಕೊಂಡಳು. ಅದು ನನ್ನ ಕಾಯಿಲೆಯ ಹೆದರಿಕೆಯಲ್ಲ, ನನ್ನನ್ನು ಸುಟ್ಟೇನೆಂಬ ಹೆದರಿಕೆ ಎಂದು ತಿಳಿಯಿತು. "ಇರಲಿ ಬಿಡು. ಮೊಳಕೈ ಅದ್ದಿ ನೋಡಿ ನಾನೇ ಹಾಕ್ಕೊಂತೀನಿ," ಎಂದು ಚೊಂಬಿಗೆ ಕೈ ಚಾಚಿದೆ.

"ಇಲ್ಲಿ ಯಾರೂ ತಾವೇ ಹಾಕ್ಕೊಳಂಗಿಲ್ಲ," ಅಂದರು ಗೌರಮ್ಮನವರು.

ಅವರು ತಮ್ಮ ಮಣೆಯಿಂದ ಎದ್ದರು. ಎಪ್ಪತ್ತು ದಾಟಿದ ಮೈ, ಗೋಡೆ ಹಿಡಿದುಕೊಂಡು ಬಂದು ನನ್ನ ಮುಂದೆ ಉಸ್ಸೆಂದು ಕುಕ್ಕರಿಸಿದರು. ನನ್ನ ಬಲಗಾಲನ್ನು ಎತ್ತಿ, ಕೆಳಗೆ ತಮ್ಮ ಅಂಗೈ ಇಟ್ಟರು.

"ಅಯ್ಯ, ಏನ್ರೀ ಇದು! ನನ್ನ ಕಾಲು ನೀವು ಹಿಡೀಬಾರದು. ನನಗ ಪಾಪ ಸುತ್ಕೊಂತೈತಿ, ಬಿಡ್ರಿ!"

"ಸುಮ್ಮನ ಕುಂದ್ರು. ಪಾಪ ಯಾರಿಗಂತ ನನಗ ಗೊತ್ತೈತಿ. ಸ್ವಾತಿ, ಹಾಕು. ಸುಟ್ಟರ ನಾನು ಒದರ್ತೀನಿ."

ಅವರ ಅಂಗೈ ನನ್ನ ಪಾದಕ್ಕೆ ತಾಗಿದ್ದು ನನಗೆ ಗೊತ್ತಾಗಲಿಲ್ಲ. ಕಣ್ಣಿನಿಂದ ನೋಡಿದೆ. ಸುಕ್ಕುಗಟ್ಟಿದ ಬೆರಳು, ಸವೆದ ಬಂಗಾರದ ಬಳೆ, ನನ್ನ ಹಿಮ್ಮಡಿಯ ಹಳೆಯ ಗಾಯದ ಗುರುತಿನ ಮೇಲೆ ಅವರ ಹೆಬ್ಬೆರಳು. ಸ್ವಾತಿ ಒಂದು ಚೊಂಬು ಹಾಕಿದಳು. ಇನ್ನೊಂದು. ನಾನು ನನ್ನ ಕಾಲು ನೋಡುವುದು ಬಿಟ್ಟು ಗೌರಮ್ಮನವರ ಮುಖವನ್ನೇ ನೋಡುತ್ತಿದ್ದೆ. ಮೂರನೆಯದಕ್ಕೆ ಅವರ ಹುಬ್ಬು ಗಂಟಾಯಿತು.

"ಸಾಕ!" ಎಂದು ಒದರಿದರು. ಕೈ ಮಾತ್ರ ತೆಗೆಯಲಿಲ್ಲ. ಸ್ವಾತಿ ತಣ್ಣೀರು ಬೆರೆಸಲು ಓಡಿದಳು. ಉಗಿಯಲ್ಲಿ ನನ್ನ ಮುಖ ಒದ್ದೆಯಾದದ್ದು ಯಾರಿಗೂ ಕಾಣುತ್ತಿರಲಿಲ್ಲ. ಗೌರಮ್ಮನವರು ನನ್ನ ಬಲಗಾಲನ್ನು ಮೆಲ್ಲಗೆ ಕಲ್ಲಿನ ಮೇಲಿಟ್ಟು, ಕೆಂಪಾದ ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡರು.

"ಇನ್ನೊಂದು ಕಾಲು ಕೊಡು," ಅಂದರು.